ದಡ ಸೇರಿದ ಒಫೀಲಿಯಾ, ದಡದಲ್ಲೇ ನಿಂತ ಅಭಿಮಾನಿ

ವಿಜಯದಶಮಿಯ ಮರುದಿನದ ಬೆಳಗಿಗೆ ನಮ್ಮ ನಾಡಿನಲ್ಲಿ ತನ್ನದೇ ಆದ ಒಂದು ಆಲಸ್ಯವುಂಟು. ಆಯುಧಪೂಜೆಯಂದು ಬಸ್ಸಿನ ಮುಂಭಾಗಕ್ಕೆ ಕಟ್ಟಿದ ಬಾಳೆಕಂದು ಜೋತುಬಿದ್ದಿರುತ್ತದೆ; ಚೆಂಡುಹೂವಿನ ಹಾರ ಅರ್ಧ ಉದುರಿ ಅರ್ಧ ಉಳಿದಿರುತ್ತದೆ; ಕುಂಕುಮ ಮೆತ್ತಿದ ಬೂದುಗುಂಬಳದ ಹೋಳುಗಳು ಚಕ್ರಕ್ಕೆ ಸಿಕ್ಕಿ ರಸ್ತೆಯ ಅಂಚಿನಲ್ಲಿ ನುಗ್ಗಾಗಿ ಬಿದ್ದಿರುತ್ತವೆ. 2025ರ ಅಕ್ಟೋಬರ್ 3ರ ಶುಕ್ರವಾರ ಅಂತಹುದೇ ಒಂದು ಬೆಳಗು. ಹಿಂದಿನ ದಿನದ ಜಂಬೂಸವಾರಿಯನ್ನು ನೋಡಿಕೊಂಡು ಮೈಸೂರಿನಿಂದ ಹಿಂದಿರುಗುತ್ತಿದ್ದವರು ಬಸ್ಸಿನ ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದ ಆ ಹೊತ್ತಿನಲ್ಲಿ, ಅವರ ನಡುವೆಯೇ ಅಲ್ಲೊಬ್ಬಳು ಇಲ್ಲೊಬ್ಬಳು ತರುಣಿ ಮಾತ್ರ ಪೂರ್ಣ ಎಚ್ಚರದಿಂದ ಕುಳಿತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೊಬೈಲಿನ ಗಡಿಯಾರ ಒಂಬತ್ತೂವರೆ ತೋರಿಸುವುದನ್ನೇ ಕಾಯುತ್ತಿದ್ದಿರಬೇಕು. ಏಕೆಂದರೆ ನಮ್ಮ ಬೆಳಗಿನ ಒಂಬತ್ತೂವರೆ ಎಂದರೆ ಆಗ ನ್ಯೂಯಾರ್ಕಿನ ನಡುರಾತ್ರಿ ಹನ್ನೆರಡು, ಆ ಗಂಟೆಗೆ ಸರಿಯಾಗಿ ಟೇಲರ್ ಸ್ವಿಫ್ಟ್ ಎಂಬ ಅಮೆರಿಕದ ಗಾಯಕಿಯ ಹನ್ನೆರಡನೆಯ ಗೀತಸಂಪುಟ ಜಗತ್ತಿನ ಎಲ್ಲ ಊರುಗಳಲ್ಲಿ ಏಕಕಾಲಕ್ಕೆ ತೆರೆದುಕೊಳ್ಳಲಿತ್ತು.

ಆ ಸಂಪುಟದ ಹೆಸರು ‘ದಿ ಲೈಫ್ ಆಫ್ ಎ ಶೋಗರ್ಲ್’. ಅದರ ಮೊದಲ ಹಾಡು ‘ದಿ ಫೇಟ್ ಆಫ್ ಒಫೀಲಿಯಾ’. ಶೇಕ್ಸ್‌ಪಿಯರ್ ಮಹಾಕವಿಯ ‘ಹ್ಯಾಮ್ಲೆಟ್’ ನಾಟಕದಲ್ಲಿ ಪ್ರಿಯನಿಂದ ತಿರಸ್ಕೃತಳಾಗಿ, ತಂದೆಯನ್ನು ಕಳೆದುಕೊಂಡು, ಬುದ್ಧಿಭ್ರಮಣೆಗೊಳಗಾಗಿ ಹೊಳೆಯ ಪಾಲಾಗುವ ಕನ್ಯೆ ಒಫೀಲಿಯಾ. ಅವಳಿಗೊದಗಿದ ವಿಧಿ ತನಗೂ ಒದಗುವುದರಲ್ಲಿತ್ತು, ಅಷ್ಟರಲ್ಲಿ ಒಬ್ಬನು ಬಂದು ತನ್ನನ್ನು ಪಾರುಮಾಡಿದನು ಎಂಬುದು ಹಾಡಿನ ಸಾರಾಂಶ. ಆ ಒಬ್ಬನು ಯಾರೆಂಬುದು ರಹಸ್ಯವೇನಲ್ಲ. ಟ್ರಾವಿಸ್ ಕೆಲ್ಸಿ ಎಂಬ ಅಮೆರಿಕದ ಫುಟ್‌ಬಾಲ್ ಆಟಗಾರನೊಡನೆ ಆಕೆಯ ವಿವಾಹ ನಿಶ್ಚಯವಾದ ವಾರ್ತೆ ಅದೇ ಆಗಸ್ಟ್ 26ರಂದು ಪ್ರಕಟವಾಗಿ, ಸಂಗೀತದ ಗಂಧವೇ ಇಲ್ಲದವರ ಮನೆಗಳಲ್ಲಿಯೂ ಒಂದು ದಿನದ ಮಾತಾಗಿತ್ತು.

ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೇರಿತು. ಸಂಪುಟದ ಹನ್ನೆರಡು ಹಾಡುಗಳೂ ಅದೇ ವಾರ ಆ ಪಟ್ಟಿಯ ಮೊದಲ ಹನ್ನೆರಡು ಸ್ಥಾನಗಳನ್ನು ಆಕ್ರಮಿಸಿಕೊಂಡವು. ಇಷ್ಟಾಗಿಯೂ, ಈಕೆಯ ಹಾಡುಗಳೊಡನೆಯೇ ಬೆಳೆದು ದೊಡ್ಡವರಾದ ಅಭಿಮಾನಿಗಳಲ್ಲಿ ಒಂದು ವರ್ಗಕ್ಕೆ, ಹಬ್ಬದೂಟದ ಪಂಕ್ತಿಯಲ್ಲಿ ಕುಳಿತೂ ಹಸಿವೇ ಆಗದಂತಹ ಒಂದು ಕಸಿವಿಸಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ಆ ವರ್ಗಕ್ಕೆ ಸೇರಿದವಳು; ಅವಳ ಮೂಲಕವೇ ಈ ಸಂಗೀತಕ್ಕೆ ಕಿವಿಗೊಟ್ಟ ನಾನೂ ಕ್ರಮೇಣ ಅದೇ ವರ್ಗದವನಾದೆನೆಂದು ಹೇಳಬೇಕು. “ಅವಳು ಸುಖವಾಗಿರೋದು ನೋಡಿ ನಂಗೆ ನಿಜವಾಗ್ಲೂ ಸಂತೋಷ, ಮಾವ. ಹಾಡು ಬೇರೆ ಬಾಯಿಗೇ ಅಂಟ್ಕೊಂಡಿದೆ. ಆದ್ರೂ ಯಾಕೋ ಸಮಾಧಾನ ಇಲ್ಲ” ಎಂದು ಅವಳು ಆ ಭಾನುವಾರ ಫೋನಿನಲ್ಲಿ ಹೇಳಿದಳು. ಸಂತೋಷ, ನಾಲಗೆಗೆ ಅಂಟಿದ ರಾಗ, ಅಸಮಾಧಾನ — ಈ ಮೂರೂ ಒಂದೇ ಮನಸ್ಸಿನಲ್ಲಿ ಒಂದೇ ಹೊತ್ತಿಗೆ ಹೇಗೆ ನೆಲೆಸುತ್ತವೆ ಎಂಬುದನ್ನು ಸ್ವಲ್ಪ ವಿಚಾರಿಸಿ ನೋಡಬಹುದು.

ವಿಧಿಯನ್ನು ತಿದ್ದುವ ಹಟ

ಸ್ವಿಫ್ಟ್ ಶೇಕ್ಸ್‌ಪಿಯರನ ಮಾತಿಗೆ ಅಡ್ಡಬಂದುದು ಇದೇ ಮೊದಲಲ್ಲ. 1989ರಲ್ಲಿ ಪೆನ್ಸಿಲ್ವೇನಿಯ ಪ್ರಾಂತದಲ್ಲಿ ಹುಟ್ಟಿ, ಅಮೆರಿಕದ ಕಂಟ್ರಿ ಸಂಗೀತಕ್ಕೆ ರಾಜಧಾನಿಯೆನಿಸಿದ ನ್ಯಾಶ್‌ವಿಲ್ ನಗರದ ಬಳಿಗೆ ಹದಿಹರೆಯದಲ್ಲಿ ಕುಟುಂಬದೊಡನೆ ಬಂದು ನೆಲೆಸಿದ ಈ ಹುಡುಗಿಯನ್ನು ಜಗತ್ತಿಗೆ ಪರಿಚಯಿಸಿದ ಹಾಡು 2008ರ ‘ಲವ್ ಸ್ಟೋರಿ’. ತಾನು ಮೆಚ್ಚಿದ ಹುಡುಗನನ್ನು ತಂದೆತಾಯಿಗಳು ಒಪ್ಪದಿದ್ದಾಗ ಮುನಿಸಿಕೊಂಡು ಹದಿನೇಳರ ಪ್ರಾಯದಲ್ಲಿ ಬರೆದ ಆ ಹಾಡಿನಲ್ಲಿ ಆಕೆ ತನ್ನನ್ನು ಜೂಲಿಯೆಟ್ ಎಂದು ಭಾವಿಸಿಕೊಂಡಳು. ಆದರೆ ವಿಷಪಾನ, ಕಠಾರಿ, ಸಮಾಧಿಗೃಹ ಇವಾವುದನ್ನೂ ಹತ್ತಿರ ಸೇರಿಸದೆ, ಕೊನೆಯ ಚರಣದಲ್ಲಿ ತಂದೆಯ ಸಮ್ಮತಿಯನ್ನು ದೊರಕಿಸಿ, ರೋಮಿಯೋನನ್ನು ಮಂಡಿಯೂರಿಸಿ, ಮದುವೆಯನ್ನು ನಿಶ್ಚಯಿಸಿಯೇ ಬಿಟ್ಟಳು.

ಇಂಗ್ಲಿಷ್ ಸಾಹಿತ್ಯದ ಪಂಡಿತರು ಇದನ್ನು ಬಾಲಿಶವೆಂದು ನಕ್ಕಿರಬಹುದು, ಕನ್ನಡಿಗನು ನಗಲಾರ. ಏಕೆಂದರೆ ಇದೇ ನಾಟಕಕ್ಕೆ ಇದೇ ತಿದ್ದುಪಡಿಯನ್ನು ನಮ್ಮವರು ಆಕೆಗಿಂತ ನೂರು ವರ್ಷಗಳಿಗೂ ಮೊದಲೇ ಮಾಡಿದ್ದರು. 1889ರಲ್ಲಿ ಹೊರಬಂದ ‘ರಾಮವರ್ಮ–ಲೀಲಾವತಿ’ ಎಂಬ ರೂಪಾಂತರದಲ್ಲಿ ಆನಂದರಾಯರು ರೋಮಿಯೋ–ಜೂಲಿಯೆಟ್ಟರಿಗೆ ಕನ್ನಡದ ಹೆಸರುಗಳನ್ನಿಟ್ಟುದೇ ಅಲ್ಲದೆ, ಕೊನೆಯಲ್ಲಿ ಸಾಕ್ಷಾತ್ ವಿಷ್ಣುವಿನ ಅನುಗ್ರಹದಿಂದ ಮೃತರಾದ ಪ್ರೇಮಿಗಳನ್ನು ಮರಳಿ ಬದುಕಿಸಿದರು. ನಾಟಕವು ಮಂಗಳದಲ್ಲಿ ಮುಗಿಯಬೇಕೆಂಬ ಸಂಸ್ಕೃತ ರಂಗಪದ್ಧತಿಯ ಸಂಸ್ಕಾರ ಆ ಕಾಲದ ಕವಿಗಳ ರಕ್ತದಲ್ಲಿತ್ತು. ಶವಗಳ ರಾಶಿಯನ್ನು ಕಣ್ತುಂಬಿಕೊಂಡು ಮನೆಗೆ ಹೋಗಲು ಪ್ರೇಕ್ಷಕನೂ ಸಿದ್ಧನಿರಲಿಲ್ಲ. ವಿಷ್ಣುವಿನ ಬದಲಿಗೆ ಗಿಟಾರನ್ನು ಹಿಡಿದು ನ್ಯಾಶ್‌ವಿಲ್ಲಿನ ಹುಡುಗಿ ಮಾಡಿದುದೂ ಅದೇ ಕೆಲಸ.

ಆ ಹಾಡಿಗೆ ಮುಂದೆ ಇನ್ನೊಂದು ಜನ್ಮ ಪ್ರಾಪ್ತವಾಯಿತು. ಆಕೆಯ ಮೊದಲ ಆರು ಸಂಪುಟಗಳ ಮೂಲ ಧ್ವನಿಮುದ್ರಿಕೆಗಳು ಧ್ವನಿಮುದ್ರಣ ಸಂಸ್ಥೆಯ ಸ್ವತ್ತಾಗಿದ್ದು, 2019ರಲ್ಲಿ ಆ ಸಂಸ್ಥೆಯೇ ಬೇರೊಬ್ಬರ ಕೈಗೆ ಮಾರಾಟವಾದಾಗ, ಹಾಡನ್ನು ಬರೆದವಳ ಹಕ್ಕು ತನ್ನಲ್ಲೇ ಉಳಿದಿದ್ದುದನ್ನು ಆಧಾರವಾಗಿಟ್ಟುಕೊಂಡು, ಹಳೆಯ ಹಾಡುಗಳನ್ನೆಲ್ಲ ಹೊಸದಾಗಿ ಹಾಡಿ ಮುದ್ರಿಸುವ ಸಾಹಸಕ್ಕೆ ಆಕೆ ಕೈಹಾಕಿದಳು. 2021ರ ಫೆಬ್ರವರಿಯಲ್ಲಿ ಮೊದಲು ಹೊರಬಂದುದು ‘ಲವ್ ಸ್ಟೋರಿ’ಯೇ. ಹದಿನೇಳರ ಹುಡುಗಿಯ ಹಟವನ್ನು ಮೂವತ್ತೊಂದರ ಹೆಣ್ಣು ಒಂದು ಅಕ್ಷರವನ್ನೂ ಬಿಡದೆ ಮತ್ತೆ ಹಾಡಿದಳು. ಈ ನಡುವೆ ಆಕೆಯ ಸ್ವಂತ ಬಾಳಿನಲ್ಲಿ ಎಷ್ಟು ರೋಮಿಯೋಗಳು ಬಂದು ಹೋಗಿದ್ದರೆಂಬುದನ್ನು ಬಲ್ಲ ಅಭಿಮಾನಿಗಳಿಗೆ ಆ ನಿಷ್ಠೆಯಲ್ಲಿಯೇ ಒಂದು ಬಗೆಯ ನೋವು ಕೇಳಿಸಿತು. ಮೂಲ ಮುದ್ರಿಕೆಗಳನ್ನೂ ಆಕೆ 2025ರ ಮೇ ತಿಂಗಳಲ್ಲಿ ಕೊಂಡುಕೊಂಡಳೆಂಬುದು ಬೇರೆ ಮಾತು.

ವಿರಹದಲ್ಲಿ ಬೇರುಬಿಟ್ಟವರು

ಮಂಗಳದಿಂದ ಹೆಸರು ಗಳಿಸಿದರೂ, ಸ್ವಿಫ್ಟಳನ್ನು ಜನರ ಮನಸ್ಸಿನೊಳಕ್ಕೆ ಇಳಿಸಿದುದು ಅಮಂಗಳವೇ. 2012ರ ‘ರೆಡ್’ ಸಂಪುಟದಲ್ಲಿ ‘ಆಲ್ ಟೂ ವೆಲ್’ ಎಂಬ ಹಾಡೊಂದುಂಟು. ಮುಗಿದುಹೋದ ಪ್ರಣಯವೊಂದನ್ನು ನೆನೆಯುವ ಹೆಣ್ಣು ಅಲ್ಲಿ ಮಾತನಾಡುತ್ತಾಳೆ. ಅವನ ಅಕ್ಕನ ಮನೆಯಲ್ಲಿ ಮರೆತುಬಂದ ಒಂದು ಶಾಲು. ನಡುರಾತ್ರಿ ಅಡುಗೆಮನೆಯಲ್ಲಿ ರೆಫ್ರಿಜರೇಟರಿನ ಬಾಗಿಲು ತೆರೆದು, ಅದರ ಬೆಳಕಿನಲ್ಲಿ ಇಬ್ಬರೂ ಕುಣಿದುದು. ಶರತ್ಕಾಲದ ಎಲೆಗಳು — ಇಷ್ಟೇ ಸಾಮಗ್ರಿ. ಶಾಲು ಹಿಂದಿರುಗಲಿಲ್ಲ, ಅವನೂ ಹಿಂದಿರುಗಲಿಲ್ಲ. ಪ್ರತ್ಯೇಕವಾಗಿ ಮಾರುಕಟ್ಟೆಗೆ ಬಿಡದಿದ್ದ ಈ ಹಾಡನ್ನು ಅಭಿಮಾನಿಗಳೇ ಕಿವಿಯಿಂದ ಕಿವಿಗೆ ದಾಟಿಸಿ ಬೆಳೆಸಿದರು. 2021ರ ನವೆಂಬರಿನಲ್ಲಿ ಅದರ ಹತ್ತು ನಿಮಿಷ ಹದಿಮೂರು ಸೆಕೆಂಡುಗಳ ದೀರ್ಘರೂಪ ಹೊರಬಂದಾಗ, ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆದ ಅತ್ಯಂತ ದೀರ್ಘ ಹಾಡು ಅದಾಯಿತು. ಮೂರು ನಿಮಿಷ ಮೀರಿದರೆ ಜನ ಕೇಳುವುದಿಲ್ಲವೆಂದು ವ್ಯಾಪಾರಿಗಳು ಶಪಥಮಾಡುವ ಕಾಲದಲ್ಲಿ ಇದು ನಡೆಯಿತು!

ನಮ್ಮ ಆಲಂಕಾರಿಕರಿಗೆ ಇದರಲ್ಲಿ ಆಶ್ಚರ್ಯಪಡುವಂತಹುದೇನೂ ಕಾಣುತ್ತಿರಲಿಲ್ಲ. ಶೃಂಗಾರಕ್ಕೆ ಸಂಭೋಗ, ವಿಪ್ರಲಂಭ ಎಂಬ ಎರಡು ಮುಖಗಳನ್ನು ಭರತಮುನಿಯೇ ಹೇಳಿದ್ದಾನೆ; ಕೂಡಿದವರದು ಒಂದು, ಅಗಲಿದವರದು ಇನ್ನೊಂದು. ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ‘ಧ್ವನ್ಯಾಲೋಕ’ವನ್ನು ಬರೆದ ಆನಂದವರ್ಧನನು ಒಂದು ಹೆಜ್ಜೆ ಮುಂದೆ ಹೋಗಿ, ಮಾಧುರ್ಯವೆಂಬ ಗುಣ ಪ್ರಕರ್ಷವನ್ನು ಪಡೆಯುವುದು ವಿಪ್ರಲಂಭದಲ್ಲಿ ಮತ್ತು ಕರುಣದಲ್ಲಿ, ಏಕೆಂದರೆ ಮನಸ್ಸು ಹೆಚ್ಚಾಗಿ ಕರಗುವುದು ಅಲ್ಲಿಯೇ, ಎಂದು ಸಾರಿದನು. ಅಕ್ಕಮಹಾದೇವಿಯ ವಚನಗಳ ವಿರಹಕ್ಕೆ ಇಂದಿಗೂ ಕಂಠ ಗದ್ಗದವಾಗುವ ನಾಡಿನವರಿಗೆ ಇದಕ್ಕೆ ಬೇರೆ ಪ್ರಮಾಣ ಬೇಡ.

ನನ್ನ ಸೋದರಸೊಸೆಯ ವಿಷಯದಲ್ಲಿ ಈ ಕರಗುವಿಕೆಯನ್ನು ನಾನು ಹತ್ತಿರದಿಂದಲೇ ಕಂಡೆ. ಮದುವೆಯ ಮಾತುಕತೆಯೊಂದು ಛತ್ರ ಗೊತ್ತುಮಾಡುವವರೆಗೂ ಹೋಗಿ ಮುರಿದುಬಿದ್ದ ವರ್ಷ ಅವಳು ಮನೆಯವರ ಸಾಂತ್ವನವನ್ನಾಗಲಿ ಜೋಯಿಸರ ಪರಿಹಾರವನ್ನಾಗಲಿ ಸಹಿಸದೆ, ಮಹಡಿಯ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಈ ಹತ್ತು ನಿಮಿಷಗಳ ಹಾಡನ್ನು ಕೇಳುತ್ತಿದ್ದಳು. ಅವಳ ತಾಯಿ ಕೆಳಗಿನಿಂದ, “ಆ ಹುಡುಗಿಗೆ ಅಳು ನಿಲ್ಲೋದೇ ಇಲ್ವೇನೇ?” ಎಂದು ಕೂಗುತ್ತಿದ್ದುದು ನೆನಪಿದೆ. ಯಾವ ಹುಡುಗಿ ಎಂದು ಯಾರೂ ಕೇಳಲಿಲ್ಲ.

ಹೀಗೆ ಗಾಯಕಿಯ ಶೋಕದೊಳಗೆ ತಮ್ಮ ಶೋಕವನ್ನು ನೆಟ್ಟು ನೀರೆರೆದವರು ಜಗತ್ತಿನಲ್ಲಿ ಅಸಂಖ್ಯ. ಕಾವ್ಯದ ದುಃಖ ಕವಿಯದೂ ಅಲ್ಲದೆ, ಕೇಳುವವನದೂ ಅಲ್ಲದೆ, ಎಲ್ಲರದೂ ಆಗಿಬಿಡುವ ಈ ವ್ಯಾಪಾರವನ್ನು ನಮ್ಮ ಶಾಸ್ತ್ರ ಸಾಧಾರಣೀಕರಣವೆಂದು ಕರೆಯಿತು. ಆದರೆ ಇಲ್ಲಿ ಒಂದು ತೊಡಕುಂಟು. ‘ಮೇಘದೂತ’ದ ಯಕ್ಷನ ವಿರಹವನ್ನು ಓದಿ ಕಣ್ಣೊರಸಿಕೊಳ್ಳುವವನು ಕಾಳಿದಾಸನಿಗೆ ಕೊನೆಗೆ ಮದುವೆಯಾಯಿತೆ ಎಂದು ವಿಚಾರಿಸುವುದಿಲ್ಲ, ಸ್ವಿಫ್ಟಳ ಶ್ರೋತೃವಾದರೋ ವಿಚಾರಿಸಿಯೇ ವಿಚಾರಿಸುತ್ತಾನೆ. ಯಾವ ಹಾಡು ಯಾರ ಕುರಿತು, ಯಾವ ಶಾಲು ಯಾರ ಮನೆಯದು ಎಂಬ ಊಹೆಯ ಆಟಕ್ಕೆ ಆಕೆಯೇ ವರ್ಷಾನುವರ್ಷ ಸುಳಿವುಗಳನ್ನು ಒದಗಿಸಿದ್ದಾಳೆ. ರೇಡಿಯೊ, ಟೆಲಿವಿಷನ್ನುಗಳ ವ್ಯಕ್ತಿಗಳನ್ನು ಜನರು ಮುಖತಃ ಪರಿಚಯವಿರುವ ಮಿತ್ರರಂತೆ ಭಾವಿಸತೊಡಗಿದುದನ್ನು ಹಾರ್ಟನ್ ಮತ್ತು ವೋಲ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು 1956ರಷ್ಟು ಹಿಂದೆಯೇ ಗುರುತಿಸಿ ಬರೆದಿದ್ದರು: ಸ್ನೇಹ ಒಂದೇ ಕಡೆಯದು, ಆ ಕಡೆಯವರಿಗೆ ಈ ಕಡೆಯವರ ಹೆಸರೂ ತಿಳಿಯದು. 2023ರ ಮಾರ್ಚ್‌ನಿಂದ 2024ರ ಡಿಸೆಂಬರ್‌ವರೆಗೆ ನಡೆದ ‘ಎರಾಸ್’ ಗಾನಯಾತ್ರೆಯ 149 ಪ್ರದರ್ಶನಗಳಲ್ಲಿ ಈ ಸ್ನೇಹ ಕೈಗೆ ಕಟ್ಟುವ ಮಣಿಸರವಾಗಿ, ಅಪರಿಚಿತರ ನಡುವೆ ವಿನಿಮಯವಾಯಿತು. ಯಾತ್ರೆ ಭಾರತಕ್ಕೆ ಬರಲಿಲ್ಲ. ನಮಗೆ ಸಮೀಪದ ನಿಲುಗಡೆಯೆಂದರೆ ಸಿಂಗಪುರ. ಅಲ್ಲಿಗೆ ಹೋಗಲಾರದವರು 2023ರಲ್ಲಿ ಇಲ್ಲಿನ ಚಿತ್ರಮಂದಿರಗಳಿಗೆ ಬಂದ ಅದರ ಚಲನಚಿತ್ರವನ್ನು ನೋಡುತ್ತ, ಕುರ್ಚಿಗಳ ಸಾಲಿನ ನಡುವೆಯೇ ಕುಣಿದು ತೃಪ್ತರಾದರು.

ಅಂತಹ ಮಿತ್ರಳು ಈಗ ಸುಖಿಯಾಗಿದ್ದಾಳೆ. ಮಿತ್ರರಿಗೆ ಸಂತೋಷವಾಗಲೇಬೇಕು, ಆಗಿಯೂ ಇದೆ. ಆದರೆ ದುಃಖದಲ್ಲಿ ಜೊತೆಗಿದ್ದವಳು ಸುಖದ ಬಂಡಿಯನ್ನೇರಿ ಮುಂದೆ ಹೋದಾಗ, ಇನ್ನೂ ಬಂಡಿ ಬಾರದವರಿಗೆ ತಾವು ಹಿಂದುಳಿದೆವೆಂಬ ಭಾವ ಬಂದರೆ ಅದನ್ನು ಮಾತ್ಸರ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ.

ತೊಟ್ಟಿಯಲ್ಲಿ ಮಲಗಿದ ಹುಡುಗಿ

ಒಫೀಲಿಯಾಳ ಮರಣ ಶೇಕ್ಸ್‌ಪಿಯರನ ರಂಗದ ಮೇಲೆ ನಡೆಯುವುದೇ ಇಲ್ಲ. ರಾಣಿ ಗರ್ಟ್ರೂಡ್ ಬಂದು ಅದನ್ನು ವರ್ಣಿಸುತ್ತಾಳೆ, ಅಷ್ಟೆ. ಕಣ್ಣಿಗೆ ಕಾಣದ ಆ ಸಾವನ್ನು ಕಾಣಿಸುವ ಆಸೆ ಚಿತ್ರಕಾರರನ್ನು ಬಹುಕಾಲ ಕಾಡಿತು. ಅವರಲ್ಲಿ ಪ್ರಸಿದ್ಧನಾದ ಜಾನ್ ಎವರೆಟ್ ಮಿಲೇ ಎಂಬ ಆಂಗ್ಲ ಕಲಾವಿದನು 1851ರಲ್ಲಿ ಸರ್ರಿ ಪ್ರಾಂತದ ಹೊಳೆಯೊಂದರ ದಂಡೆಯಲ್ಲಿ ತಿಂಗಳುಗಟ್ಟಲೆ ಕುಳಿತು ಮೊದಲು ನೀರು, ಜೊಂಡು, ಹೂಗಳನ್ನು ಬರೆದುಕೊಂಡನು. ಅನಂತರ ಚಳಿಗಾಲದಲ್ಲಿ ಲಂಡನ್ನಿನ ತನ್ನ ಚಿತ್ರಶಾಲೆಯಲ್ಲಿ ಎಲಿಜಬೆತ್ ಸಿಡ್ಡಲ್ ಎಂಬ ಇಪ್ಪತ್ತೆರಡರ ಹುಡುಗಿಯನ್ನು ಜರತಾರಿ ಉಡುಪಿನಲ್ಲಿ ನೀರು ತುಂಬಿದ ಸ್ನಾನದ ತೊಟ್ಟಿಯಲ್ಲಿ ಮಲಗಿಸಿ, ನೀರು ಬೆಚ್ಚಗಿರಲೆಂದು ಅಡಿಯಲ್ಲಿ ದೀಪಗಳನ್ನು ಹಚ್ಚಿಟ್ಟನು. ಒಂದು ದಿನ ದೀಪಗಳು ಆರಿದವು. ಚಿತ್ರಕಾರನಿಗೆ ಅರಿವಿಲ್ಲ, ಹುಡುಗಿ ಬಾಯಿಬಿಡಲಿಲ್ಲ. ಕಡುಶೀತ ತಗುಲಿ ಅವಳು ಹಾಸಿಗೆ ಹಿಡಿದಳು. ವೈದ್ಯರ ವೆಚ್ಚವನ್ನು ಮಿಲೇಯೇ ಕೊಡತಕ್ಕದ್ದೆಂದು ಅವಳ ತಂದೆ ಪಟ್ಟುಹಿಡಿದನು. ಸುಂದರವಾದ ಮರಣವೊಂದನ್ನು ಚಿತ್ರಿಸಲು ಜೀವಂತ ಹೆಣ್ಣೊಬ್ಬಳು ಗಡಗಡ ನಡುಗಬೇಕಾಯಿತು.

ಸ್ವಿಫ್ಟಳ ಸಂಪುಟದ ಮುಖಚಿತ್ರದಲ್ಲಿ ಆಕೆ ಮುಖವನ್ನಷ್ಟೆ ಮೇಲಿಟ್ಟು ನೀರಿನಲ್ಲಿ ಮುಳುಗಿರುವುದು ಈ ಪರಂಪರೆಯ ಸ್ಮರಣೆಯನ್ನೇ ತರುತ್ತದೆ. ಆಕೆ ಕೊಟ್ಟ ವಿವರಣೆ ಬೇರೆ: ಗಾನಪ್ರದರ್ಶನದ ದಿನ ತನಗೆ ಮುಗಿಯುವುದು ಸ್ನಾನದ ತೊಟ್ಟಿಯಲ್ಲಿ. ಆದರೆ ಹಾಡಿನ ಚಿತ್ರಿಕೆಯ ಆರಂಭದಲ್ಲಿ ಆಕೆ ಬಿಳಿಯುಡುಪಿನಲ್ಲಿ ತೈಲಚಿತ್ರದಂತೆ ಮಲಗಿ, ಆಮೇಲೆ ಅದರೊಳಗಿಂದ ಎದ್ದುಬರುವ ದೃಶ್ಯವುಂಟಷ್ಟೆ. ಅದು ಜರ್ಮನಿಯ ವೀಸ್‌ಬಾಡನ್ ನಗರದ ಸಂಗ್ರಹಾಲಯದಲ್ಲಿರುವ, ಫ್ರೀಡ್ರಿಕ್ ಹೈಸರ್ ಎಂಬಾತ ಬರೆದ ಒಫೀಲಿಯಾ ಚಿತ್ರದ ಪ್ರತಿಬಿಂಬವೆಂದು ಗುರುತಿಸಿದ ಅಭಿಮಾನಿಗಳು ಆ ಸಂಗ್ರಹಾಲಯಕ್ಕೆ ಮುಗಿಬಿದ್ದು, ಅಲ್ಲಿನವರನ್ನೇ ಬೆರಗುಗೊಳಿಸಿದರು.

ಇಲ್ಲಿ ಅಸಮಾಧಾನದ ಇನ್ನೊಂದು ಎಳೆ ಕೈಗೆ ಸಿಕ್ಕುತ್ತದೆ. ಒಫೀಲಿಯಾ ಬದುಕಿದುದಕ್ಕೆ ಯಾರದೂ ಆಕ್ಷೇಪವಿಲ್ಲ. ಬದುಕಿಸಿದವರು ಯಾರು ಎಂಬುದೇ ಪ್ರಶ್ನೆ. ಕುವೆಂಪು ಅವರು ಇದೇ ಹ್ಯಾಮ್ಲೆಟ್ಟನ ಕಥೆಯನ್ನು ಬಿದನೂರಿನ ಅರಮನೆಗೆ ತಂದು ‘ರಕ್ತಾಕ್ಷಿ’ ನಾಟಕವನ್ನು ಬರೆದಾಗ, ಒಫೀಲಿಯಾಳ ಸ್ಥಾನದಲ್ಲಿ ನಿಂತ ರುದ್ರಾಂಬೆ ಹೂವು ಕೊಯ್ಯುತ್ತ ನೀರಿಗೆ ಜಾರುವ ಅಬಲೆಯಾಗಿ ಉಳಿಯಲಿಲ್ಲ. ಮಲೆನಾಡಿನ ಕೆಚ್ಚು ಅವಳಲ್ಲಿ ಮೂಡಿತು. ಸ್ವಿಫ್ಟಳೂ ಹಿಂದಿನ ಎಷ್ಟೋ ಹಾಡುಗಳಲ್ಲಿ ಅಂತಹ ಕೆಚ್ಚಿನವಳೇ. ಕೈಬಿಟ್ಟವರ ಮುಂದೆ ತಾನೇ ಎದ್ದುನಿಂತವಳು, ತನ್ನ ಹಾಡುಗಳಿಗಾಗಿ ಧನಿಕರೊಡನೆ ಸೆಣಸಿದವಳು, ಈಗ ಗೋಪುರದೊಳಗೆ ಕಾದು ಕುಳಿತು, ಬಂದು ಎತ್ತಿಕೊಂಡು ಹೋದವನಿಗೆ ಕೃತಜ್ಞತೆ ಸಲ್ಲಿಸುತ್ತಾಳೆಂದರೆ, ಆಕೆಯಿಂದ ಧೈರ್ಯವನ್ನು ಕಲಿತ ಹುಡುಗಿಯರಿಗೆ ಹುಬ್ಬು ಗಂಟಿಕ್ಕದೆ ಇರುವುದು ಹೇಗೆ? ಪ್ರೇಮದಲ್ಲಿ ಬಿದ್ದವರು ಹೀಗೆ ಮಾತನಾಡುವುದು ಸಹಜ, ಅದಕ್ಕೆ ಸಿದ್ಧಾಂತದ ಗಜಕಡ್ಡಿ ಹಿಡಿಯಬಾರದು ಎಂಬುದೂ ನಿಜ. ನನಗೆ ಈ ಎರಡನೆಯ ಪಕ್ಷವೇ ಹೆಚ್ಚು ಸಮಂಜಸವಾಗಿ ತೋರುತ್ತದೆ. ನನ್ನ ಸೋದರಸೊಸೆ ಮಾತ್ರ ಒಪ್ಪಲಿಲ್ಲ.

ಆ ಶಾಲು ಎಲ್ಲಿ?

ನನ್ನ ಅತೃಪ್ತಿಯ ಕಾರಣ ಬೇರೆ. ಹಾಡು ಕಿವಿಗೆ ಇಂಪಾಗಿದೆ. ಮೊದಲ ಆವೃತ್ತಿಯಲ್ಲಿಯೇ ಪಲ್ಲವಿ ನಾಲಗೆಯ ಮೇಲೆ ನಿಲ್ಲುತ್ತದೆ. ನಿಲ್ಲದೆ ಏನು? ಆಕೆಯ ಜೊತೆಗಾರರು ಸ್ವೀಡನ್ನಿನ ಮ್ಯಾಕ್ಸ್ ಮಾರ್ಟಿನ್ ಮತ್ತು ಶೆಲ್‌ಬ್ಯಾಕ್. 1998ರಲ್ಲಿ ಬ್ರಿಟ್ನಿ ಸ್ಪಿಯರ್ಸಳ ಮೊದಲ ಹಾಡಿನಿಂದ ಹಿಡಿದು ಕಾಲು ಶತಮಾನದ ಪಾಪ್ ಸಂಗೀತವನ್ನೇ ತಿದ್ದಿ ರೂಪಿಸಿದ ಮಾರ್ಟಿನನ ಪದ್ಧತಿಯಲ್ಲಿ ಮಾತಿಗಿಂತ ಧಾಟಿಗೆ ಅಗ್ರಪೂಜೆ: ಒಂದು ಸಾಲಿನಲ್ಲಿ ಇಷ್ಟು ಅಕ್ಷರಗಳು ಬಿದ್ದರೆ ಮುಂದಿನ ಸಾಲಿನಲ್ಲಿಯೂ ಅಷ್ಟೇ ಬೀಳಬೇಕು, ತಾಳದ ಒತ್ತು ಅದೇ ಜಾಗದಲ್ಲಿ ಬರಬೇಕು. ಗಣ, ಮಾತ್ರೆಗಳ ಲೆಕ್ಕವಿಟ್ಟು ಬೆಳೆದ ನಮ್ಮ ಛಂದಸ್ಸಿನವರಿಗೆ ಇದು ಅಪರಿಚಿತವಲ್ಲ. ಆದರೆ ಲೆಕ್ಕ ಸರಿಯಾಗಿದ್ದೂ ಕಾವ್ಯ ನೀರಸವಾಗಬಹುದೆಂಬುದೂ ಅವರಿಗೆ ಗೊತ್ತು. ಎರಾಸ್ ಯಾತ್ರೆ ಯೂರೋಪಿನಲ್ಲಿದ್ದಾಗ, ಪ್ರದರ್ಶನಗಳ ಬಿಡುವಿನಲ್ಲಿ ಆಕೆ ಸ್ವೀಡನ್ನಿಗೆ ಹಾರಿ ಈ ಸಂಪುಟವನ್ನು ಮುದ್ರಿಸಿದಳಂತೆ. ಆ ಉಲ್ಲಾಸವೂ, ಆ ಆತುರವೂ ಎರಡೂ ಹಾಡಿನಲ್ಲಿ ಕೇಳಿಸುತ್ತವೆ.

ನಾನು ಹುಡುಕಿದುದು ಆ ಹಳೆಯ ಶಾಲನ್ನು. ಎಂದರೆ, ಈ ಪ್ರೇಮ ಇನ್ನಾವ ಪ್ರೇಮವೂ ಅಲ್ಲ, ಇದೇ ಎಂದು ನಂಬಿಸುವ ಒಂದು ವಸ್ತು, ಒಂದು ಗಳಿಗೆ, ಒಂದು ಮೂಲೆ. ಹೊಸ ಹಾಡಿನಲ್ಲಿ ಬೆಂಕಿ, ಗೋಪುರ, ಗೋರಿ, ಆಕಾಶ ಎಲ್ಲವೂ ಇವೆ, ರೆಫ್ರಿಜರೇಟರಿಲ್ಲ. ಪಾರಾದೆನೆಂಬ ವರದಿಯುಂಟು, ಪಾರಾದ ಬಗೆಯಿಲ್ಲ. ಮುಳುಗಿದವಳು ಮೊದಲು ಉಸಿರೆಳೆದ ಕ್ಷಣ ಹೇಗಿತ್ತು, ಎಳೆದವನ ಕೈ ಬಿಸಿಯಾಗಿತ್ತೋ ತಣ್ಣಗಿತ್ತೋ, ನಮಗೆ ತಿಳಿಯದು.

ಸುಖದ ಹಾಡಿನಲ್ಲಿ ಇಂತಹ ವಿವರಕ್ಕೆ ಎಡೆಯಿಲ್ಲವೆಂದೇನೂ ಇಲ್ಲ. ಆಕೆಯೇ 2017ರ ‘ರೆಪ್ಯುಟೇಷನ್’ ಸಂಪುಟದ ಕೊನೆಯಲ್ಲಿ ‘ನ್ಯೂ ಇಯರ್ಸ್ ಡೇ’ ಎಂಬ ಪುಟ್ಟ ಹಾಡನ್ನಿಟ್ಟಿದ್ದಾಳೆ. ಹೊಸ ವರ್ಷದ ಔತಣ ಮುಗಿದಿದೆ, ನೆಂಟರಿಷ್ಟರು ಹೊರಟುಹೋಗಿದ್ದಾರೆ, ನೆಲದ ಮೇಲೆ ಮಿನುಗುಪುಡಿ ಚೆಲ್ಲಿದೆ, ಇಬ್ಬರು ಖಾಲಿ ಶೀಸೆಗಳನ್ನು ಎತ್ತಿಡುತ್ತಿದ್ದಾರೆ. ಪಿಯಾನೊ ಒಂದರ ಹೊರತು ಹೆಚ್ಚಿನ ವಾದ್ಯವಿಲ್ಲ. ಹಬ್ಬದ ರಾತ್ರಿಗಿಂತ ಮರುದಿನದ ಕಸಗುಡಿಸುವಿಕೆಯಲ್ಲಿ ಜೊತೆಗಿರುವವನನ್ನು ಬಯಸುವ ಆ ಪ್ರೇಮ ಎಷ್ಟು ಗಟ್ಟಿ!

ದಾಂಪತ್ಯದ ಸುಖದಿಂದಲೇ ಶ್ರೇಷ್ಠ ಕಾವ್ಯ ಹುಟ್ಟೀತೆಂಬುದಕ್ಕೆ ನಮ್ಮಲ್ಲಂತೂ 1942ರಲ್ಲಿಯೇ ಸಾಕ್ಷಿ ಸಿಕ್ಕಿದೆ. 
ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯಲ್ಲಿ ವಿರಹವೆಂದರೆ ಬಹುಮಟ್ಟಿಗೆ ಹೆಂಡತಿ ತವರಿಗೆ ಹೋದುದು, ಅಷ್ಟರಲ್ಲಿಯೇ ಮಾವನ ಮನೆ, ಬಳೆಗಾರ, ನಾದಿನಿಯರು, ಪದುಮಳ ಹುಸಿಮುನಿಸು ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಅದೇ ಕವಿ 1958ರಲ್ಲಿ ‘ಶಿಲಾಲತೆ’ಯನ್ನು ಹೊರತಂದಾಗ, ಮಲ್ಲಿಗೆಯ ಕಂಪಿಗೆ ಒಗ್ಗಿದ ಓದುಗರು ಆ ಹೊಸ ಗಂಭೀರ ಧ್ವನಿಯನ್ನು ಕೇಳಿ ತಬ್ಬಿಬ್ಬಾದುದೂ ಉಂಟು. ನಮ್ಮವರ ಕೊರಗು ಸ್ವಿಫ್ಟಳ ಅಭಿಮಾನಿಗಳದಕ್ಕೆ ನೇರ ವಿರುದ್ಧ: ಕವಿ ತಮ್ಮನ್ನು ಸುಖದಲ್ಲಿಯೇ ಇರಿಸಲಿಲ್ಲವೇಕೆ ಎಂಬುದು! ಕವಿಗಳಾದರೋ ಯಾರ ಕೊರಗಿಗೂ ಕಾಯದೆ ಮುಂದೆ ನಡೆದರು.

ಹಿಂದೊಮ್ಮೆ ನಂಬಿದ್ದರು

ಅಭಿಮಾನಿಯ ಹಿಂಜರಿಕೆಗೆ ಇನ್ನೂ ಒಂದು ಲೌಕಿಕವಾದ ಕಾರಣವಿದೆ. 2019ರಲ್ಲಿ ಆಕೆ ‘ಲವರ್’ ಎಂಬ ಸಂಪುಟವನ್ನೇ ಆಗಿನ ಪ್ರಿಯನ ಸಾನ್ನಿಧ್ಯದಲ್ಲಿ ಹಾಡಿದ್ದಳು. ಅದೇ ಹೆಸರಿನ ಹಾಡು, ನಿಧಾನವಾದ ತೂಗುಲಯದಲ್ಲಿ, ಮದುವೆಯ ಪ್ರಮಾಣವಚನದಂತೆಯೇ ಸಾಗುತ್ತದೆ. ಬೆಂಗಳೂರಿನ ಎಷ್ಟೋ ರಿಸೆಪ್ಷನ್ನುಗಳಲ್ಲಿ, ವೇದಿಕೆಯ ಕೆಳಗೆ ಹಿರಿಯರು ಬಿಸಿಬೇಳೆಬಾತಿನ ಸರದಿಯಲ್ಲಿ ನಿಂತಿರುವಾಗ, ಮೇಲೆ ವಧೂವರರು ಆ ಹಾಡಿಗೆ ಹೆಜ್ಜೆ ಹಾಕಿದ್ದಾರೆ. 2023ರಲ್ಲಿ ಆ ಸಂಬಂಧ ಮುರಿಯಿತು. ಮರುವರ್ಷದ ‘ದಿ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್’ ಸಂಪುಟದಲ್ಲಿ ಲಂಡನ್ ನಗರಕ್ಕೆ ವಿದಾಯ ಹೇಳುವ ಹಾಡೊಂದು ಬಂತು. ಅದನ್ನು ಐದನೆಯ ಸ್ಥಾನದಲ್ಲಿಟ್ಟಿದ್ದಳು. ಅತ್ಯಂತ ಸುಲಿದ ಹೃದಯದ ಹಾಡನ್ನು ಆಕೆ ಇಡುವುದು ಆ ಸ್ಥಾನದಲ್ಲಿಯೇ ಎಂದು ಅಭಿಮಾನಿಗಳಿಗೆಲ್ಲ ಗೊತ್ತು.

ಒಮ್ಮೆ ಹೀಗೆ ನಂಬಿ, ಆ ಹಾಡಿನ ಜೊತೆಗೆ ತಮ್ಮ ಮದುವೆಯ ವಿಡಿಯೊವನ್ನೂ ಬೆಸೆದುಕೊಂಡವರು ಇನ್ನೊಂದು ಶಾಶ್ವತ ಪ್ರೇಮದ ಘೋಷಣೆಯನ್ನು ಕೇಳಿದಾಗ ಸ್ವಲ್ಪ ತಡೆದು ನಗುವುದು ಕ್ರೌರ್ಯವಲ್ಲ, ವಿವೇಕ.

ಅಂಗಡಿಯ ಲೆಕ್ಕ

ಕೊನೆಯದಾಗಿ ಹಣದ ಮಾತು. ಈ ಸಂಪುಟ ಅಮೆರಿಕದಲ್ಲಿ ಮೊದಲ ವಾರವೇ ನಲವತ್ತು ಲಕ್ಷ ಪ್ರತಿಗಳ ಗಡಿಯನ್ನು ದಾಟಿ, ಅಡೆಲ್ ಎಂಬ ಆಂಗ್ಲ ಗಾಯಕಿ 2015ರಲ್ಲಿ ಸ್ಥಾಪಿಸಿದ್ದ ದಾಖಲೆಯನ್ನು ಮುರಿಯಿತು. ಈ ಲೆಕ್ಕದೊಳಗೆ ಎರಡು ಬಗೆಯುಂಟು. ಒಂದು, ಕೈಗೆತ್ತಿಕೊಳ್ಳಬಹುದಾದ ಅಥವಾ ಕೊಂಡು ಇಳಿಸಿಕೊಳ್ಳಬಹುದಾದ ಪ್ರತಿಗಳು. ಸುಮಾರು ಮೂವತ್ತೈದು ಲಕ್ಷ ಇವೇ. ಅದೇ ಹನ್ನೆರಡು ಹಾಡುಗಳನ್ನು ಬೇರೆ ಬೇರೆ ಬಣ್ಣದ ತಟ್ಟೆಗಳಲ್ಲಿ, ಬೇರೆ ಬೇರೆ ಮುಖಚಿತ್ರಗಳೊಡನೆ, ಅಲ್ಲೊಂದು ಇಲ್ಲೊಂದು ಹಾಡಿನ ಪಾಠಾಂತರ ಸೇರಿಸಿ ಮೂವತ್ತಕ್ಕೂ ಮಿಕ್ಕ ರೂಪಗಳಲ್ಲಿ, ಕೆಲವನ್ನು ಕೆಲವೇ ಗಂಟೆಗಳ ಅವಧಿಗೆ ಮಾತ್ರ, ಮಾರಾಟಕ್ಕಿಟ್ಟಿದ್ದರು. ಪ್ರೇಮವನ್ನು ಹಾಡಿದವಳೂ, ಗಂಟೆಯ ಗಡುವನ್ನು ತೋರಿಸಿ ಅಭಿಮಾನಿಯ ಜೇಬಿಗೆ ಕೈಹಾಕಿದವಳೂ ಒಬ್ಬಳೇ ಎಂಬುದು ನಿಷ್ಠಾವಂತರಿಗೂ ರುಚಿಸದ ವಿಷಯ. ಇದನ್ನು ನಾನು ನಯವಾಗಿ ಹೇಳಲಾರೆ, ಅದು ದುರಾಸೆಯೇ.

 

ಲೆಕ್ಕದ ಎರಡನೆಯ ಬಗೆ, ಮೊಬೈಲಿನಲ್ಲಿ ಸುಮ್ಮನೆ ಕೇಳಿದುದು. 2025ರ ಅಮೆರಿಕದ ಪದ್ಧತಿಯಲ್ಲಿ ಚಂದಾ ತೆತ್ತವರು 1,250 ಬಾರಿ ಕೇಳಿದರೆ ಒಂದು ಸಂಪುಟ ಮಾರಾಟವಾದುದಕ್ಕೆ ಸಮ. ಜಾಹೀರಾತಿನೊಡನೆ ಉಚಿತವಾಗಿ ಕೇಳುವವರಾದರೆ 3,750 ಬಾರಿ. ಹಾಡಿನ ಪಟ್ಟಿಗೂ ಇಂತಹ ಕೇಳಿಕೆಗಳೇ ಮುಖ್ಯ ಆಧಾರ. ಒಬ್ಬಳು ಮೆಚ್ಚಿ ಕೇಳಿದಳೋ, ಎಲ್ಲಿ ತಪ್ಪಿತೆಂದು ಹುಡುಕಲು ಕೇಳಿದಳೋ, ಶಾಲಿಗಾಗಿ ತಡಕಾಡುತ್ತ ಹತ್ತು ಸಲ ಮರಳಿ ಕೇಳಿದಳೋ ಎಂಬ ವಿವೇಚನೆ ಆ ಯಂತ್ರಕ್ಕಿಲ್ಲ. ‘ದಿ ಫೇಟ್ ಆಫ್ ಒಫೀಲಿಯಾ’ ಮೊದಲ ಸ್ಥಾನದಲ್ಲಿ ಹಲವು ವಾರ ಉಳಿಯಿತು. ನನ್ನ ಸೋದರಸೊಸೆ ಇಂದಿಗೂ ದಿನಕ್ಕೊಮ್ಮೆ ಅದನ್ನು ಹಾಕಿಕೊಂಡು, ದಿನಕ್ಕೊಮ್ಮೆ ಅದರೊಡನೆ ಜಗಳವಾಡುತ್ತಾಳೆ.